ಕೋಲು ಕುದುರೆಯಾದಾಗ

ಕಳೆದ ತಪಸ್ಸುಕಾಲದಲ್ಲಿ ಮನೆಭೇಟಿಗೆಂದು ಹೋಗಿದ್ದಾಗ, ಒಂದು ಮನೆಯ ನಡುಮನೆಯಲ್ಲಿ ನಾಲ್ಕು ಕುರ್ಚಿಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು. ಮೊದಲನೆಯ ಕುರ್ಚಿಯಲ್ಲಿ ಐದು ವರ್ಷದ ಬಾಲಕನೊಬ್ಬ ಕುಳಿತು, ಪಾತ್ರೆಯ ಮುಚ್ಚಳವೊಂದನ್ನು ಎರಡೂ ಕೈಗಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ. ಅವನ ಅಕ್ಕ ಹಳೆಯ ಕ್ಯಾಲೆಂಡರನ್ನು ಚೂರುಚೂರಾಗಿ ಹರಿದು ಟಿಕೆಟು ಮಾಡಿಕೊಂಡಿದ್ದಳು. ನಾನು ಒಳಗೆ ಕಾಲಿಡುತ್ತಿದ್ದಂತೆಯೇ ಅಜ್ಜಿ ನಗುತ್ತಾ, "ಸ್ವಲ್ಪ ನಿಲ್ಲಿ ಸ್ವಾಮಿ, ಬಸ್ಸು ಇನ್ನೂ ಮೈಸೂರು ಮುಟ್ಟಿಲ್ಲ" ಎಂದರು. ನಾನೂ ಒಂದು ಟಿಕೆಟು ಪಡೆದು ಹಿಂದಿನ ಕುರ್ಚಿಯಲ್ಲಿ ಕುಳಿತೆ.

ಪ್ರಾರ್ಥನೆ ಮುಗಿದ ಮೇಲೆ ಗಮನಿಸಿದರೆ, ಅದೇ ಕೋಣೆಯ ಗಾಜಿನ ಕಪಾಟಿನಲ್ಲಿ ದೊಡ್ಡದೊಂದು ಆಟದ ಕಾರು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಕುಳಿತಿತ್ತು. ಹುಟ್ಟುಹಬ್ಬಕ್ಕೆ ತಂದದ್ದಂತೆ. "ಕೈಗೆ ಕೊಟ್ಟರೆ ಒಂದೇ ದಿನಕ್ಕೆ ಮುರಿದುಹಾಕ್ತಾನೆ ಫಾದರ್" ಎಂದರು ಮಗುವಿನ ತಂದೆ. ಹೀಗೆ ಆಟಿಕೆ ಕಪಾಟಿನೊಳಗೆ ಭದ್ರವಾಗಿತ್ತು. ಆಟವು ಕುರ್ಚಿ ಮತ್ತು ಮುಚ್ಚಳದ ನಡುವೆ ಸಾಗಿತ್ತು. ಆಟಿಕೆಯೂ ಆಟವೂ ಹೀಗೆ ಬೇರೆಬೇರೆಯಾದದ್ದು ಇಂದು ನಿನ್ನೆಯ ಸಂಗತಿಯಲ್ಲ. ಅದಕ್ಕೊಂದು ದೀರ್ಘ ಇತಿಹಾಸವಿದೆ. ಮಕ್ಕಳನ್ನು ಸಾಕುತ್ತಿರುವ ಕುಟುಂಬಗಳು ಆ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಅರಸನೂ ಏರಿದ ಕೋಲುಕುದುರೆ

ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊಗಳ ಉತ್ಖನನದಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು, ಹಕ್ಕಿಯ ಆಕಾರದ ಪೀಪಿಗಳು, ದಾರ ಎಳೆದರೆ ತಲೆ ಆಡಿಸುವ ಎತ್ತು ದೊರೆತಿವೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಈ ವಸ್ತುಗಳು ನಮಗೆ ಸಿಕ್ಕಿದ್ದು ಅವು ಬೆಂಕಿಯಲ್ಲಿ ಸುಟ್ಟು ಗಟ್ಟಿಯಾದದ್ದರಿಂದ. ಅದೇ ಊರಿನ ಮಕ್ಕಳು ಕಡ್ಡಿ, ಎಲೆ, ಬೀಜ, ಚಿಂದಿಬಟ್ಟೆಗಳಿಂದಲೂ ಆಡಿರಲೇಬೇಕು. ಆದರೆ ಅವೆಲ್ಲ ಮಣ್ಣಿನಲ್ಲಿ ಮಣ್ಣಾಗಿವೆ. ಮಕ್ಕಳ ಆಟದ ಇತಿಹಾಸವನ್ನು ಬರೆಯುವವರಿಗೆ ಇರುವ ಮೊದಲ ಕಷ್ಟವೇ ಇದು. ವಸ್ತುಸಂಗ್ರಹಾಲಯದಲ್ಲಿ ಉಳಿಯುವುದು ಬಾಳಿಕೆ ಬರುವ ಆಟಿಕೆ ಮಾತ್ರ. ಮಗು ತಾನೇ ಕಲ್ಪಿಸಿಕೊಂಡ ಆಟ ಅದೇ ಸಂಜೆ ಅಳಿಸಿಹೋಗುತ್ತದೆ.

ಆದರೂ ಬರಹಗಳಲ್ಲಿ ಅದರ ಸುಳಿವು ಅಲ್ಲಲ್ಲಿ ಸಿಗುತ್ತದೆ. ಕ್ರಿ.ಪೂ. 4ನೆಯ ಶತಮಾನದ ಸ್ಪಾರ್ಟಾದ ಅರಸ ಅಗೆಸಿಲಾಸನು ಮನೆಯಲ್ಲಿ ತನ್ನ ಎಳೆಯ ಮಕ್ಕಳೊಡನೆ ಒಂದು ಕೋಲನ್ನು ಕುದುರೆ ಮಾಡಿಕೊಂಡು ಸವಾರಿ ಮಾಡುತ್ತಿದ್ದನೆಂದು ಇತಿಹಾಸಕಾರ ಪ್ಲುಟಾರ್ಕ್ ಬರೆದಿದ್ದಾನೆ. ಗೆಳೆಯನೊಬ್ಬ ಅದನ್ನು ಕಂಡುಬಿಟ್ಟನಂತೆ. ನೀನೂ ತಂದೆಯಾಗುವವರೆಗೆ ಇದನ್ನು ಯಾರಿಗೂ ಹೇಳಬೇಡ ಎಂದು ಅರಸ ಕೇಳಿಕೊಂಡನಂತೆ. ಯುದ್ಧಭೂಮಿಯ ಕುದುರೆಗಳೆಲ್ಲ ತನ್ನ ಅಧೀನದಲ್ಲಿದ್ದ ದೊರೆ ಅವನು. ಆದರೂ ಮಕ್ಕಳ ನಡುವೆ ಅವನಿಗೆ ಬೇಕಾದದ್ದು ಒಂದು ಕೋಲು. ರೋಮಿನ ಕವಿ ಹೊರೇಸನು ಮಕ್ಕಳ ಆಟಗಳನ್ನು ಹೆಸರಿಸುವಾಗ ಪುಟ್ಟ ಮನೆ ಕಟ್ಟುವುದು, ಚಿಕ್ಕ ಬಂಡಿಗೆ ಇಲಿಗಳನ್ನು ಹೂಡುವುದು ಇವುಗಳ ಜೊತೆಗೆ ಉದ್ದನೆಯ ಜೊಂಡಿನ ಮೇಲೆ ಸವಾರಿ ಮಾಡುವುದನ್ನೂ ಸೇರಿಸಿದ್ದಾನೆ.

ಮಣ್ಣಿನ ಬಂಡಿ, ಚಿನ್ನದ ಬಂಡಿ

ನಮ್ಮ ದೇಶದ ಸಾಹಿತ್ಯದಲ್ಲಿ ಒಂದು ಇಡೀ ನಾಟಕಕ್ಕೆ ಮಗುವಿನ ಆಟಿಕೆಯ ಹೆಸರೇ ಇದೆ. ಅದು ಶೂದ್ರಕನ 'ಮೃಚ್ಛಕಟಿಕ', ಎಂದರೆ ಮಣ್ಣಿನ ಪುಟ್ಟ ಬಂಡಿ. ದಾನ ಮಾಡಿ ಮಾಡಿ ಬಡವನಾದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಶ್ರೀಮಂತ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದಾನೆ. ಅವರು ಅದನ್ನು ಹಿಂದಕ್ಕೆ ಒಯ್ದಾಗ ಅಳುತ್ತಾನೆ. ಮನೆಯ ದಾಸಿ ರದನಿಕೆ ಮಣ್ಣಿನ ಬಂಡಿಯೊಂದನ್ನು ಮಾಡಿಕೊಡುತ್ತಾಳೆ. ಮಗುವಿಗೆ ಅದು ಬೇಡ, ಚಿನ್ನದ್ದೇ ಬೇಕು. ಅದನ್ನು ಕಂಡ ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಮಣ್ಣಿನ ಬಂಡಿಯಲ್ಲಿ ತುಂಬಿ, ಇದರಿಂದ ಚಿನ್ನದ ಬಂಡಿ ಮಾಡಿಸಿಕೊ ಎನ್ನುತ್ತಾಳೆ.

ಈ ದೃಶ್ಯವನ್ನು ತಾಯಿಯ ಮಮತೆಯ ಚಿತ್ರವೆಂದು ಮೆಚ್ಚುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಒಡವೆಗಳೇ ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನ ವಿರುದ್ಧ ಸಾಕ್ಷ್ಯವಾಗಿ, ಅವನನ್ನು ವಧಾಸ್ಥಾನದವರೆಗೆ ಎಳೆದೊಯ್ಯುತ್ತವೆ. ರೋಹಸೇನನ ಅಳುವಿನಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ನೆರೆಮನೆಯ ಬಂಡಿಯನ್ನು ಕಾಣುವ ಮೊದಲೇ ಅವನಿಗೆ ಮಣ್ಣಿನ ಬಂಡಿ ದೊರೆತಿದ್ದರೆ ಅದು ಸಾಕಾಗುತ್ತಿತ್ತೋ ಏನೋ. ಬಂಡಿ ಕೆಟ್ಟದಾದದ್ದು ಉರುಳದೆ ಹೋದದ್ದರಿಂದಲ್ಲ, ಹೋಲಿಕೆಯಿಂದ. ಮಕ್ಕಳ ಈ ನೋವನ್ನು ಹಗುರವಾಗಿ ಕಾಣಬಾರದು. 'ನಮ್ಮ ಕಾಲದಲ್ಲಿ ನಮಗೆ ಏನಿತ್ತು?' ಎಂಬ ಹಿರಿಯರ ಮಾತು ಅಳುವ ಮಗುವಿಗೆ ಸಮಾಧಾನ ನೀಡಿದ್ದನ್ನು ನಾನು ಎಂದೂ ಕಂಡಿಲ್ಲ.

ಸಂತೆಬೀದಿ, ಸಮುದ್ರತೀರ

ಯೇಸುಸ್ವಾಮಿ ಸಂತೆಬೀದಿಯಲ್ಲಿ ಆಡುವ ಮಕ್ಕಳನ್ನು ಗಮನಿಸಿದ್ದರು ಎಂಬುದಕ್ಕೆ ಶುಭಸಂದೇಶವೇ ಸಾಕ್ಷಿ. ಆ ಮಕ್ಕಳು ಒಮ್ಮೆ ಮದುವೆಯ ಆಟ, ಒಮ್ಮೆ ಸಾವಿನ ಮನೆಯ ಆಟ ಆಡುತ್ತಾರೆ. ಕೊಳಲೂದಿದರೂ ಕುಣಿಯಲೊಲ್ಲದ, ಶೋಕಗೀತೆ ಹಾಡಿದರೂ ಅಳಲೊಲ್ಲದ ಜೊತೆಗಾರರ ಮೇಲೆ ಅವರಿಗೆ ಮುನಿಸು. ತಮ್ಮ ಕಾಲದ ಜನರ ಹಟಮಾರಿತನವನ್ನು ತೋರಿಸಲು ಸ್ವಾಮಿ ಈ ಹೋಲಿಕೆ ಬಳಸಿದರು. ನಮಗೆ ಇಲ್ಲಿ ಮುಖ್ಯವಾದದ್ದು, ಎರಡು ಸಾವಿರ ವರ್ಷಗಳ ಹಿಂದೆಯೂ ಮಕ್ಕಳು ಹಿರಿಯರ ಬಾಳಿನ ಸುಖದುಃಖಗಳನ್ನು ಬೀದಿಯಲ್ಲಿ ಆಡಿಯೇ ಕಲಿಯುತ್ತಿದ್ದರು ಎಂಬುದು.

ಸಂತ ಅಥನಾಸಿಯುಸರ ಬಾಲ್ಯದ ಕುರಿತು 5ನೆಯ ಶತಮಾನದ ಆರಂಭದಲ್ಲಿ ರುಫಿನುಸ್ ಎಂಬ ಲೇಖಕ ಬರೆದಿಟ್ಟ ಕಥೆಯೂ ಇಂಥದ್ದೇ. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಲೆಕ್ಸಾಂಡರರು ಸಮುದ್ರತೀರದಲ್ಲಿ ಕೆಲವು ಬಾಲಕರು ದೇವಾಲಯದ ವಿಧಿಗಳನ್ನು ಅನುಕರಿಸುತ್ತಾ ಆಡುತ್ತಿದ್ದುದನ್ನು ದೂರದಿಂದ ಕಂಡರು. ಕರೆಸಿ ವಿಚಾರಿಸಿದಾಗ ಅಥನಾಸಿಯುಸನು ಆಟದಲ್ಲಿ ಧರ್ಮಾಧ್ಯಕ್ಷನಾಗಿ, ಇನ್ನೂ ದೀಕ್ಷೆ ಪಡೆಯದ ಗೆಳೆಯರಿಗೆ ಸ್ನಾನದೀಕ್ಷೆ ನೀಡಿದ್ದನೆಂದು ತಿಳಿಯಿತು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಅವನು ಕ್ರಮವಾಗಿ ಕೇಳಿದ್ದ. ಉತ್ತರಗಳೂ ಕ್ರಮವಾಗಿ ಬಂದಿದ್ದವು. ಆದ್ದರಿಂದ ಮತ್ತೆ ದೀಕ್ಷೆ ನೀಡಬೇಕಾಗಿಲ್ಲವೆಂದು ಧರ್ಮಾಧ್ಯಕ್ಷರು ತೀರ್ಮಾನಿಸಿದರಂತೆ. ವಯಸ್ಸಿನ ಲೆಕ್ಕ ಹೊಂದದ ಕಾರಣ ಇತಿಹಾಸಕಾರರು ಈ ಕಥೆಯನ್ನು ನಂಬುವುದಿಲ್ಲ. ಆದರೂ ಪ್ರಾಚೀನ ಕ್ರೈಸ್ತರು ಇದನ್ನು ಮೆಚ್ಚಿ ಹೇಳಿಕೊಂಡು ಬಂದರು. ಮಕ್ಕಳ ಆಟವನ್ನು ಗಂಭೀರವಾಗಿ ಪರಿಗಣಿಸಿದ ಒಬ್ಬ ಹಿರಿಯರ ಚಿತ್ರ ಅದರಲ್ಲಿದೆ. ಹಲಸಿನ ಮರದಡಿಯಲ್ಲಿ ಅಮ್ಮನ ಸೀರೆ ಹೊದ್ದು, ಚಪಾತಿಯ ಚೂರುಗಳನ್ನು ತಟ್ಟೆಯಲ್ಲಿಟ್ಟು 'ಪೂಜೆ' ಮಾಡಿದ ನೆನಪು ನಮ್ಮ ಅನೇಕ ಗುರುಗಳಿಗೆ ಇದ್ದೇ ಇರುತ್ತದೆ, ನನಗೂ ಇದೆ.

1560ರಲ್ಲಿ ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರ 'ಮಕ್ಕಳ ಆಟಗಳು' ಎಂಬ ವರ್ಣಚಿತ್ರ ಬಿಡಿಸಿದ. ಅದು ಈಗ ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೂರಕ್ಕೂ ಹೆಚ್ಚು ಮಕ್ಕಳು ಎಂಬತ್ತಕ್ಕೂ ಹೆಚ್ಚು ಆಟಗಳಲ್ಲಿ ಮುಳುಗಿದ್ದಾರೆ. ಪೀಪಾಯಿಯ ಬಳೆಯನ್ನು ಉರುಳಿಸುವವರು, ಹಂದಿಯ ಮೂತ್ರಕೋಶವನ್ನು ಊದಿ ಚೆಂಡು ಮಾಡಿದವರು, ಮೂಳೆಯ ತುಂಡುಗಳಿಂದ ಕಲ್ಲಾಟ ಆಡುವವರು ಅಲ್ಲಿದ್ದಾರೆ. ಇಟ್ಟಿಗೆಯನ್ನು ಉಜ್ಜಿ ಪುಡಿ ಮಾಡಿ ತಕ್ಕಡಿಯಲ್ಲಿ ತೂಗುವ ಅಂಗಡಿಯಾಕೆ ಇದ್ದಾಳೆ. ಮದುವೆಯ ಮೆರವಣಿಗೆ, ಸ್ನಾನದೀಕ್ಷೆಯ ಮೆರವಣಿಗೆ ಇವೆ. ಕೋಲುಕುದುರೆಯ ಸವಾರನೂ ಇದ್ದಾನೆ. ಅಂಗಡಿಯಿಂದ ಕೊಂಡು ತಂದ ವಸ್ತು ಆ ಚಿತ್ರದಲ್ಲಿ ಬಹಳ ಕಡಿಮೆ. ನಮ್ಮ ಹಳ್ಳಿಯಿಂದ ಒಂದು ಮಗುವನ್ನು ಎತ್ತಿ ಆ ಬೀದಿಯಲ್ಲಿ ಬಿಟ್ಟರೆ ಅರ್ಧ ಗಳಿಗೆಯಲ್ಲಿ ಆಟಕ್ಕೆ ಸೇರಿಕೊಂಡುಬಿಡುತ್ತದೆ.

ನಿಷೇಧಕ್ಕೊಳಗಾದ ಆಟ

ಆಟವೇ ಎಳೆಯರ ಶಿಕ್ಷಣವೆಂದು ಶಾಲೆಯ ಒಳಗೆ ತಂದವರಲ್ಲಿ ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ (1782-1852) ಪ್ರಮುಖರು. ಪ್ರೊಟೆಸ್ಟಂಟ್ ಪಾಲಕರೊಬ್ಬರ ಮಗನಾದ ಅವರು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಮುದ್ದಿಸುವವರಿಲ್ಲದ ಆ ಬಾಲ್ಯವೇ ಅವರನ್ನು ಎಳೆಯ ಮಕ್ಕಳ ಕಡೆಗೆ ತಿರುಗಿಸಿತೆಂದು ತೋರುತ್ತದೆ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವರು ಆರಂಭಿಸಿದ ಸಂಸ್ಥೆಗೆ 1840ರಲ್ಲಿ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂತು. ಅವರು ಮಕ್ಕಳ ಕೈಗಿತ್ತದ್ದು ಉಣ್ಣೆದಾರದ ಚೆಂಡು, ಮರದ ಗೋಳ, ಘನ, ಉರುಳೆ, ಕಡ್ಡಿ, ಕಾಗದ, ಮರಳು, ಜೇಡಿಮಣ್ಣು. ನೆನೆಸಿದ ಬಟಾಣಿಕಾಳುಗಳಿಗೆ ಕಡ್ಡಿ ಚುಚ್ಚಿ ಮನೆ, ಸೇತುವೆ, ಗೋಪುರಗಳನ್ನು ಕಟ್ಟುವುದು ಅಲ್ಲಿನ ಪಾಠವಾಗಿತ್ತು.

ಇಷ್ಟು ನಿರುಪದ್ರವಿ ಕೆಲಸಕ್ಕೂ ವಿರೋಧ ಬಂತು. 1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಇವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆ ಎಂಬುದು ಆರೋಪ. ಅದೇ ಅಡ್ಡಹೆಸರಿನ ಅವರ ಸೋದರಪುತ್ರನ ರಾಜಕೀಯ ವಿಚಾರಗಳನ್ನು ಇವರಿಗೆ ಅಂಟಿಸಿದ್ದೂ ಒಂದು ಕಾರಣ. ಮರುವರ್ಷ ಜೂನ್‌ನಲ್ಲಿ ಫ್ರೊಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಆ ಬಟಾಣಿ, ಕಡ್ಡಿಗಳನ್ನು ಬೇರೆ ದೇಶಗಳಿಗೂ ಒಯ್ದಿದ್ದರು. ನಮ್ಮ ದೇಶದಲ್ಲಿ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಹಳ್ಳಿಯ ಮಕ್ಕಳಿಗೆ ರೇಖಾಗಣಿತ ಕಲಿಸಿದ್ದು ಇದೇ ದಾರಿಯಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಪುರಸ್ಕಾರ ದೊರೆಯಿತು.

ಠಾಕೂರರ ಮನೆಯ ಅಂಗಳ

ಈ ವಿಷಯದಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ರವೀಂದ್ರನಾಥ ಠಾಕೂರರ ಬಾಲ್ಯದ ಸಂಗತಿಗಳು. ಕಲ್ಕತ್ತೆಯ ದೊಡ್ಡ ಮನೆಯಲ್ಲಿ ಆಳುಗಳ ಕಾವಲಿನಲ್ಲಿ ಬೆಳೆದ ಬಾಲಕ ಅವರು. ಜಗಲಿಯ ಮರದ ಸರಳುಗಳೇ ಅವರ ಶಾಲೆಯ ವಿದ್ಯಾರ್ಥಿಗಳು. ಕೈಯಲ್ಲಿ ಬೆತ್ತ ಹಿಡಿದು ಅವಕ್ಕೆ ಪಾಠ ಹೇಳುತ್ತಿದ್ದರು, ಹೊಡೆಯುತ್ತಲೂ ಇದ್ದರು. ಮೂಲೆಗೆ ಬಿದ್ದಿದ್ದ ಅಜ್ಜಿಯ ಕಾಲದ ಹಳೆಯ ಪಲ್ಲಕ್ಕಿಯೊಳಗೆ ಕುಳಿತು ಕಾಡು, ಕಳ್ಳರು, ಸಮುದ್ರಗಳ ನಡುವೆ ಪ್ರಯಾಣ ಮಾಡುತ್ತಿದ್ದರು.

1924ರಲ್ಲಿ ಚೀನಾದಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಅವರು ಬಾಲ್ಯದ ಒಂದು ಘಟನೆಯನ್ನು ಹೇಳಿದ್ದಾರೆ. ಕೆಲಸಕ್ಕೆ ಬಾರದ ಚಿಲ್ಲರೆ ವಸ್ತುಗಳಿಂದ ಗೆಳೆಯರೆಲ್ಲ ಕೂಡಿ ಆಟಿಕೆ ಮಾಡಿಕೊಂಡು ಆಡುತ್ತಿದ್ದ ಕಾಲ. ಒಂದು ದಿನ ಅವರಲ್ಲೊಬ್ಬನಿಗೆ ಇಂಗ್ಲಿಷರ ಅಂಗಡಿಯಿಂದ ತಂದ ಆಟಿಕೆಯೊಂದು ಬಂತು. ದೊಡ್ಡದು, ಸರ್ವಾಂಗ ಸುಂದರವಾದುದು, ಜೀವ ಇರುವಂತೆ ಕಾಣುವುದು. ಅಂದಿನಿಂದ ಆ ಹುಡುಗನಿಗೆ ಆಟದ ಮೇಲಿನ ಗಮನ ಕಡಿಮೆಯಾಗಿ ಆಟಿಕೆಯ ಮೇಲಿನ ಹೆಮ್ಮೆ ಹೆಚ್ಚಿತು. ಅದನ್ನು ಇತರರ ಕೈಗೆ ಸಿಗದಂತೆ ಕಾಯುವುದೇ ಅವನ ಕೆಲಸವಾಯಿತು. ಆಡುವವನು ಮರೆಯಾಗಿ ಆಟಿಕೆಯ ಒಡೆಯ ಮಾತ್ರ ಉಳಿದನು. ಠಾಕೂರರು ಇದನ್ನು ಮಕ್ಕಳಿಗಾಗಿ ಮಾತ್ರ ಹೇಳಲಿಲ್ಲ. ಸಂಪತ್ತಿನ ಹೆಮ್ಮೆಯಲ್ಲಿ ಬದುಕನ್ನೇ ಮರೆತ ಆಧುನಿಕ ನಾಗರಿಕತೆಗೆ ಅದನ್ನು ಕನ್ನಡಿಯಾಗಿ ಹಿಡಿದರು.

ಆ ಹುಡುಗ ಕೆಟ್ಟವನಾಗಿರಲಿಲ್ಲ. ಪರಿಪೂರ್ಣವಾದ ಆ ವಸ್ತುವಿನಲ್ಲಿ ಅವನು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ, ಕಾಯುವುದರ ಹೊರತು. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್ಸ್ಕಿ 1933ರ ಒಂದು ಉಪನ್ಯಾಸದಲ್ಲಿ ಕೋಲುಕುದುರೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದರ ಇನ್ನೊಂದು ಮಗ್ಗುಲನ್ನು ವಿವರಿಸಿದರು. ತೀರ ಎಳೆಯ ಮಗುವಿಗೆ ಕಣ್ಣೆದುರಿನ ವಸ್ತುವೂ ಅದರ ಅರ್ಥವೂ ಒಂದೇ. ಕೋಲನ್ನು ಕಾಲುಗಳ ನಡುವೆ ಹಿಡಿದು ಅದನ್ನು ಕುದುರೆಯೆಂದು ಕರೆಯುವ ದಿನ, ಕುದುರೆಯ ಅರ್ಥವನ್ನು ಕಣ್ಣೆದುರಿನಲ್ಲಿಲ್ಲದ ಕುದುರೆಯಿಂದ ಬಿಡಿಸಿ ಕೋಲಿನ ಮೇಲೆ ಇರಿಸಲು ಅದು ಕಲಿತಿರುತ್ತದೆ. ಓದುವುದು, ಲೆಕ್ಕ ಮಾಡುವುದು, ಕಾಣದಿರುವುದನ್ನು ಚಿಂತಿಸುವುದು, ಇವೆಲ್ಲಕ್ಕೂ ಬೇಕಾದ ಶಕ್ತಿ ಇದೇ. ಅಷ್ಟೇ ಅಲ್ಲ, ಬಸ್ಸು ನಡೆಸುವವನು ನಿಲ್ದಾಣ ಬರುವವರೆಗೆ ಕುರ್ಚಿಯಿಂದ ಏಳುವಂತಿಲ್ಲ. ಮನಸ್ಸು ಓಡಬೇಕೆಂದರೂ ಆಟದ ನಿಯಮಕ್ಕಾಗಿ ಅದನ್ನು ತಡೆದು ನಿಲ್ಲುವ ಸಂಯಮವನ್ನೂ ಮಗು ಅಲ್ಲಿಯೇ ಕಲಿಯುತ್ತದೆ.

ಕಸವೆಂದು ಎಸೆದದ್ದು

ಡೆನ್ಮಾರ್ಕಿನ ಉದ್ಯಾನಶಿಲ್ಪಿ ಸಿ. ಟಿ. ಸೊರೆನ್ಸನ್ ಅನೇಕ ಆಟದ ಬಯಲುಗಳನ್ನು ರೂಪಿಸಿದವರು. ಅಂದವಾಗಿ ಕಟ್ಟಿದ ಆ ಬಯಲುಗಳಿಗಿಂತ, ಮನೆ ಕಟ್ಟುವ ಜಾಗದಲ್ಲಿ ಬಿದ್ದಿರುವ ಹಲಗೆ, ಇಟ್ಟಿಗೆ, ಮರಳಿನ ರಾಶಿಯಲ್ಲಿ ಮಕ್ಕಳು ಹೆಚ್ಚು ತನ್ಮಯರಾಗಿ ಆಡುವುದನ್ನು ಅವರು ಗಮನಿಸಿದರು. ಎರಡನೆಯ ಮಹಾಯುದ್ಧದ ನಡುವೆ, ದೇಶ ಜರ್ಮನರ ವಶದಲ್ಲಿದ್ದ 1943ರಲ್ಲಿ, ಕೋಪನ್‌ಹೇಗನ್ ನಗರದ ಎಂಡ್ರುಪ್ ಎಂಬಲ್ಲಿ ಅವರ ಕಲ್ಪನೆಯ ಗುಜರಿ ಆಟದ ಬಯಲು ತೆರೆಯಿತು. ಅಲ್ಲಿ ಜಾರುಬಂಡೆ, ಉಯ್ಯಾಲೆಗಳ ಬದಲು ಹಳೆಯ ಹಲಗೆ, ಹಗ್ಗ, ಇಟ್ಟಿಗೆ, ಗುದ್ದಲಿ, ಸುತ್ತಿಗೆಗಳಿದ್ದವು. ಮಕ್ಕಳೊಡನೆ ಇರಲು ಹಿರಿಯರೊಬ್ಬರನ್ನು ನೇಮಿಸಲಾಗಿತ್ತು. ಯುದ್ಧಾನಂತರ ಇಂಗ್ಲೆಂಡಿನಲ್ಲಿ, ಬಾಂಬುಗಳಿಂದ ನೆಲಸಮವಾದ ಜಾಗಗಳಲ್ಲಿ ಇಂತಹ ಬಯಲುಗಳು ಎದ್ದವು. ತಮ್ಮ ಬೀದಿ ಉರುಳಿದ್ದನ್ನು ಕಂಡಿದ್ದ ಮಕ್ಕಳು ಅಲ್ಲಿ ಮುರುಕು ಹಲಗೆಗಳಿಂದ ಮತ್ತೆ ಗುಡಿಸಲು ಕಟ್ಟಿ ಆಡಿದರು.

ಇದನ್ನು ಮೊದಲ ಬಾರಿ ಓದಿದಾಗ ನನಗೆ ನಾಚಿಕೆಯಾಯಿತು. ಕಾರಣ ಹೇಳುತ್ತೇನೆ. ಗುರುದೀಕ್ಷೆಯಾದ ಹೊಸತರಲ್ಲಿ ಹಳ್ಳಿಯ ಧರ್ಮಕೇಂದ್ರವೊಂದರಲ್ಲಿ ಬಡ ಹುಡುಗರ ಬೋರ್ಡಿಂಗಿನ ಹೊಣೆ ನನ್ನದಾಗಿತ್ತು. ಧರ್ಮಾಧ್ಯಕ್ಷರ ಭೇಟಿ ನಿಗದಿಯಾಯಿತು. ಎಲ್ಲವೂ ಚೊಕ್ಕಟವಾಗಿರಬೇಕೆಂದು ಆವರಣವನ್ನೆಲ್ಲ ಗುಡಿಸಿಸಿದೆ. ಉಗ್ರಾಣದ ಹಿಂದೆ ತುಕ್ಕು ಹಿಡಿದ ಡಬ್ಬಗಳು, ತೆಂಗಿನ ಚಿಪ್ಪು, ಸೋಡಾ ಬಾಟಲಿಯ ಮುಚ್ಚಳ, ಹರಿದ ಚಪ್ಪಲಿ, ಜೋಳದ ದಂಟು, ಹಂಚಿನ ಚೂರುಗಳ ರಾಶಿ ಇತ್ತು. ಅದನ್ನು ಗಾಡಿಗೆ ತುಂಬಿಸಿ ಹಾಳುಬಾವಿಗೆ ಹಾಕಿಸಿದೆ. ಭೇಟಿ ಸಾಂಗವಾಗಿ ನೆರವೇರಿತು. ಧರ್ಮಾಧ್ಯಕ್ಷರು ಸ್ವಚ್ಛತೆಯನ್ನು ಮೆಚ್ಚಿದರು.

ಮರುದಿನ ಸಂಜೆ, ಎರಡನೆಯ ತರಗತಿಯ ಹುಡುಗನೊಬ್ಬ ನನ್ನ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ಕೇಳಿದ: "ಫಾದರ್, ನಮ್ಮ ಊರು ಎಲ್ಲಿ ಹೋಯ್ತು?"

ಅವನು ಹೇಳಿದ ಮೇಲೆ ತಿಳಿಯಿತು. ಹಂಚಿನ ಚೂರುಗಳು ಮನೆಗಳಾಗಿದ್ದವು. ಚಪ್ಪಲಿಯ ತುಂಡುಗಳಿಂದ ಕತ್ತರಿಸಿದ ಚಕ್ರಗಳಿದ್ದ ದಂಟಿನ ಗಾಡಿಗಳು ಅಲ್ಲಿ ಓಡಾಡುತ್ತಿದ್ದವು. ಮುಚ್ಚಳಗಳು ಹಣ; ದೊಡ್ಡ ಡಬ್ಬವೊಂದು ದೇವಾಲಯ. ಮನೆಯಿಂದ ದೂರವಿದ್ದ ಆ ಮಕ್ಕಳಲ್ಲಿ ಪ್ರತಿಯೊಬ್ಬನಿಗೂ ಅಲ್ಲಿ ಒಂದು ಮನೆಯಿತ್ತು. ಅಪ್ಪ, ಅವ್ವ ಇದ್ದರು. ಅದೇ ಕ್ರಿಸ್ಮಸ್‌ಗೆ ದಾನಿಗಳ ನೆರವಿನಿಂದ ಪ್ರತಿ ಹುಡುಗನಿಗೂ ಒಂದೊಂದು ಪ್ಲಾಸ್ಟಿಕ್ ಆಟಿಕೆ ಕೊಡಿಸಿದೆ. ಹುಡುಗರು ಸಂತೋಷದಿಂದಲೇ ತೆಗೆದುಕೊಂಡರು. ಊರು ಮಾತ್ರ ನಾನಿದ್ದ ಆ ವರ್ಷ ಮತ್ತೆ ಏಳಲಿಲ್ಲ.

ಮನೆಯವರಿಗೆ ಒಂದು ಮಾತು

ಈ ಇತಿಹಾಸದಿಂದ ಆಟಿಕೆಗಳೇ ಬೇಡವೆಂಬ ಪಾಠವನ್ನು ಯಾರೂ ಕಲಿಯಬಾರದು. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಕಡೆದ ಅರಗಿನ ಬಣ್ಣದ ಗೊಂಬೆಯಲ್ಲಿ ಅವರ ಅನ್ನವೂ ಇದೆ, ಮಕ್ಕಳ ಸಂತೋಷವೂ ಇದೆ. ಬಡತನವೇ ಮಕ್ಕಳಿಗೆ ಒಳ್ಳೆಯದೆಂದು ಹೇಳುವುದಂತೂ ಅನ್ಯಾಯ. ಹಸಿದ ಮಗು, ದುಡಿಮೆಗೆ ಹೋಗುವ ಮಗು ಕೋಲನ್ನು ಕುದುರೆ ಮಾಡಲಾರದು, ಅದಕ್ಕೆ ಬಿಡುವಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಹೇಳುತ್ತದೆ. 1992ರಲ್ಲಿ ಭಾರತವೂ ಅದಕ್ಕೆ ಸಮ್ಮತಿಸಿದೆ. ಶಾಲೆ, ಮನೆಪಾಠ, ಮತ್ತೆ ಮೊಬೈಲಿನ ಪರದೆ ಎಂದು ದಿನವಿಡೀ ತುಂಬಿಹೋದ ಉಳ್ಳವರ ಮಕ್ಕಳಿಗೂ ಆ ಬಿಡುವು ಇಲ್ಲವೆಂಬುದನ್ನು ನೆನೆಯಬೇಕು.

ಅಮೆರಿಕದ ರೋಚೆಸ್ಟರ್ ನಗರದ ಆಟದ ವಸ್ತುಸಂಗ್ರಹಾಲಯವು ಶ್ರೇಷ್ಠ ಆಟಿಕೆಗಳ ಗೌರವಪಟ್ಟಿಗೆ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನೂ 2008ರಲ್ಲಿ ಕೋಲನ್ನೂ ಸೇರಿಸಿತು. ನಮ್ಮ ಮನೆಗಳಲ್ಲಿ ಇವುಗಳಿಗೆ ಕೊರತೆಯಿಲ್ಲ. ಮೊರ, ಪೊರಕೆ, ಮುಚ್ಚಳ, ಹುಣಸೆ ಬೀಜ, ತೆಂಗಿನ ಗರಿ, ಹಳೆಯ ಸೀರೆ, ಎಲ್ಲವೂ ಇವೆ. ಮಗುವಿಗೆ ಬೇಕಾದದ್ದು ಇವುಗಳ ಜೊತೆಗೆ ದಿನಕ್ಕೊಂದಿಷ್ಟು ಬಿಡುವಿನ ಹೊತ್ತು, ಒಬ್ಬಿಬ್ಬರು ಜೊತೆಗಾರರು, ಮತ್ತು ನಾಳೆಯವರೆಗೆ ಹಾಗೆಯೇ ಬಿಟ್ಟರೂ ಯಾರೂ ಗುಡಿಸಿಹಾಕದ ಒಂದು ಮೂಲೆ. ಅತಿಥಿಗಳು ಬರುತ್ತಾರೆಂದು ಮನೆ ಓರಣ ಮಾಡುವ ಮುನ್ನ, ಆ ಮೂಲೆಯಲ್ಲಿ ಏನಿದೆಯೆಂದು ಮಗುವನ್ನೇ ಒಮ್ಮೆ ಕೇಳಿರಿ. ಕಪಾಟಿನ ಕಾರನ್ನೂ ಹೊರತೆಗೆದು ಅದರ ಕೈಗೆ ಕೊಡಿರಿ. ಮುರಿದರೆ ಮುರಿಯಲಿ. ಅದರ ಚಕ್ರಗಳು ನಾಳೆ ಇನ್ನೊಂದು ಬಂಡಿಗೆ ಬೇಕಾಗುತ್ತವೆ.